ಕಿಟಕಿಯ ಲೆಟ್ಯೂಸ್ ಸಸಿಗಳು ದಾರದ ಹಾಗೆ ಉದ್ದವಾಗಿ ಮಲಗುತ್ತಿವೆ, ಏನು ಮಾಡಲಿ?

ಕಿಟಕಿಕಟ್ಟೆ:
ನಮಗೆ ತೋಟವಿಲ್ಲ, ಬಾಲ್ಕನಿಯೂ ಇಲ್ಲ. ಇರುವುದು ಕಿಟಕಿಯ ಕಟ್ಟೆ ಮಾತ್ರ. ಅಲ್ಲೊಂದು ಉದ್ದನೆಯ ಟ್ರೇ ಇಟ್ಟು ಲೆಟ್ಯೂಸ್, ರಾಕೆಟ್ ಸೊಪ್ಪು, ಸಾಸಿವೆ ಬಿತ್ತಿದ್ದೇನೆ. ರಾಕೆಟ್, ಸಾಸಿವೆ ಬೇಗ ಮೊಳೆತವು. ಲೆಟ್ಯೂಸ್ ಅರ್ಧಕ್ಕರ್ಧ ಮೇಲೆ ಬರಲೇ ಇಲ್ಲ. ಬಂದವೂ ಬಿಳಿಚಿಕೊಂಡು, ಗಾಜಿನ ಕಡೆಗೆ ಬಾಗಿ, ಉದ್ದಕ್ಕೆ ಎಳೆದುಕೊಂಡಿವೆ. ಕೆಲವು ಬುಡದಲ್ಲೇ ಮಡಚಿ ಬಿದ್ದಿವೆ. ಕಿಟಕಿಯಲ್ಲಿ ಬೆಳಕು ಚೆನ್ನಾಗಿಯೇ ಇದೆ, ಬೆಳಿಗ್ಗೆ ಸ್ವಲ್ಪ ಹೊತ್ತು ನೇರ ಬಿಸಿಲೂ ಬರುತ್ತದೆ. ದಿನಾ ನೀರು ಹಾಕುತ್ತೇನೆ. ದ್ರವ ಗೊಬ್ಬರ ಕೊಟ್ಟರೆ ಕಾಂಡ ಗಟ್ಟಿಯಾಗುತ್ತದೆಯೇ? ಮಣ್ಣಿನ ಮೇಲೆ ಸಣ್ಣ ಕರಿ ನೊಣಗಳೂ ಹಾರಾಡುತ್ತಿವೆ.

ಸೊಪ್ಪಿನಮಡಿ:
ಗೊಬ್ಬರ ಈಗ ಖಂಡಿತ ಬೇಡ. ನೀವು ಹೇಳಿದ ಲಕ್ಷಣವೆಲ್ಲ ಬೆಳಕಿನ ಕೊರತೆಯದು. ಬೆಳಕು ಸಾಲದಿದ್ದಾಗ ಸಸಿ ಎಲೆ ಅಗಲಿಸುವ ಬದಲು ಇದ್ದ ಶಕ್ತಿಯನ್ನೆಲ್ಲ ಕಾಂಡಕ್ಕೆ ಸುರಿದು ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ. ಆಗ ಗೊಬ್ಬರದಲ್ಲಿರುವ ಸಾರಜನಕ ಕೊಟ್ಟರೆ ಕಾಂಡ ಇನ್ನಷ್ಟು ಮೆತ್ತಗಾಗಿ ಉದ್ದವಾಗುತ್ತದೆ.

"ಬೆಳಕು ಚೆನ್ನಾಗಿಯೇ ಇದೆ" ಎಂದಿರಿ. ಈ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಬಯಲಿನಲ್ಲಿ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇರುತ್ತದೆ. ಓದಲು ಸಾಕೆನಿಸುವ ಕೋಣೆಯ ಬೆಳಕು ಕೆಲವೇ ನೂರು ಲಕ್ಸ್. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಕಿಟಕಿಯಿಂದ ಒಂದು ಮೀಟರ್ ಹಿಂದೆ ಸರಿದರೂ ಬೆಳಕು ಬಹಳ ಕುಸಿಯುತ್ತದೆ. ಆದ್ದರಿಂದ ಮೊದಲು ಟ್ರೇಯನ್ನು ಗಾಜಿನ ಪಕ್ಕಕ್ಕೇ ತನ್ನಿ, ಪರದೆ ತೆಗೆಯಿರಿ, ಗಾಜಿನ ಧೂಳು ಒರೆಸಿ. ದಿನಕ್ಕೊಮ್ಮೆ ಟ್ರೇಯನ್ನು ತಿರುಗಿಸಿ ಇಡಿ. ತಿರುಗಿಸಿದರೆ ಬಾಗುವುದು ನಿಲ್ಲುತ್ತದೆ, ಆದರೆ ಬೆಳಕಿನ ಕೊರತೆ ತುಂಬುವುದಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೀಳದ ಕಿಟಕಿಯಾದರೆ ದೀಪ ಹಾಕಿಬಿಡುವುದೇ ಒಳ್ಳೆಯದು.

ಲೆಟ್ಯೂಸ್ ಅರ್ಧ ಮಾತ್ರ ಮೊಳೆತದ್ದು ಬೇರೆ ಕಥೆ. ಬೀಜವನ್ನು ಎಷ್ಟು ಆಳಕ್ಕೆ ಹಾಕಿದಿರಿ? ಲೆಟ್ಯೂಸಿನ ಎಷ್ಟೋ ತಳಿಗಳಿಗೆ ಮೊಳೆಯಲೂ ಬೆಳಕು ಬೇಕು. ಮೇಲೆ ಉದುರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ, ಕಂಡೂ ಕಾಣದಷ್ಟು ಮಣ್ಣು ಚಿಮುಕಿಸಿದರೆ ಸಾಕು. ಅದಕ್ಕೆ ಹಿತವಾದದ್ದು 15ರಿಂದ 20 ಡಿಗ್ರಿ ಸೆಲ್ಸಿಯಸ್. 30ರ ಆಸುಪಾಸಿಗೆ ಹೋದರೆ ಬೀಜ ಸತ್ತಿರದಿದ್ದರೂ ಮಲಗಿಬಿಡುತ್ತದೆ. ಬಿಸಿಲು ಬಿದ್ದ ಗಾಜಿನ ಹಿಂದೆ ಅಷ್ಟು ಬಿಸಿಯೇರುವುದು ಏನೇನೂ ಕಷ್ಟವಲ್ಲ. ಮುಂದಿನ ಸಲ ಮೊಳಕೆ ಕಾಣುವವರೆಗೆ ಟ್ರೇಯನ್ನು ತಂಪಾದ ಕಡೆ ಇಟ್ಟು, ಆಮೇಲೆ ಕಿಟಕಿಗೆ ತನ್ನಿ.

ಎಳೆಸೊಪ್ಪು:
ಬಿದ್ದಿರುವ ಸಸಿಗಳ ಬುಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಕಾಂಡ ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ಬರೀ ಭಾರಕ್ಕೆ ಬಾಗಿದ್ದು, ಉಳಿಸಬಹುದು. ಮಣ್ಣಿನ ಮಟ್ಟದಲ್ಲಿ ಕಂದಾಗಿ, ನೀರು ಕುಡಿದಂತೆ ಮೆತ್ತಗಾಗಿ, ಚಿವುಟಿದ ಹಾಗೆ ತೆಳುವಾಗಿದ್ದರೆ ಅದು ಸಸಿ ಕೊಳೆ ರೋಗ. ಪಿಥಿಯಮ್, ರೈಜೋಕ್ಟೋನಿಯಾದಂಥ ರೋಗಾಣುಗಳ ಕೆಲಸ. ತಗಲಿದ ಸಸಿ ಬದುಕುವುದಿಲ್ಲ.

ಕಿಟಕಿಕಟ್ಟೆ:
ನೋಡಿದೆ. ಒಂದು ಮೂಲೆಯಲ್ಲಿ ಏಳೆಂಟು ಸಸಿಗಳ ಬುಡ ಕಂದಾಗಿ ತೆಳುವಾಗಿದೆ. ಉಳಿದವು ಬೆಳ್ಳಗೆ ಗಟ್ಟಿಯಾಗಿವೆ. ಹಾಗಾದರೆ ಎರಡೂ ತೊಂದರೆ ಇದೆಯೇ? ದೀಪ ಎಂಥದ್ದು ತರಬೇಕು?

ಎಳೆಸೊಪ್ಪು:
ಎರಡೂ ಇದೆ, ಮತ್ತು ಎರಡಕ್ಕೂ ನಂಟಿದೆ. ಬೆಳಕು ಕಡಿಮೆಯಾದಾಗ ಗಿಡ ನೀರನ್ನೂ ಕಡಿಮೆ ಎಳೆಯುತ್ತದೆ. ನೀವು ದಿನಾ ಹಾಕಿದ ನೀರು ಹಾಗೇ ನಿಂತು ಕೊಳೆಗೆ ದಾರಿಯಾಗುತ್ತದೆ. ಆ ಮೂಲೆಯ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಎಸೆಯಿರಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ. ದಿನದ ಲೆಕ್ಕದಲ್ಲಿ ನೀರು ಹಾಕುವುದನ್ನು ಬಿಟ್ಟು, ಮೇಲ್ಪದರ ಬೆರಳಿಗೆ ಒಣಗಿದಂತೆ ಅನಿಸಿದಾಗ ಮಾತ್ರ ಕೊಡಿ. ಅದೂ ತಳದ ತಟ್ಟೆಗೆ ಹಾಕಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಟ್ರೇಯ ಅಡಿಯಲ್ಲಿ ತೂತುಗಳಿವೆ ತಾನೇ? ಇಲ್ಲದಿದ್ದರೆ ಬೇರೇನು ಮಾಡಿದರೂ ವ್ಯರ್ಥ.

ಸಣ್ಣ ಫ್ಯಾನನ್ನು ನಿಧಾನಕ್ಕೆ ಓಡಿಸಿಡಿ. ಮಣ್ಣಿನ ಮೇಲ್ಭಾಗ ಬೇಗ ಆರುತ್ತದೆ, ಅಲುಗಾಟಕ್ಕೆ ಕಾಂಡವೂ ಗಿಡ್ಡವಾಗಿ ದಪ್ಪವಾಗುತ್ತದೆ. ಕರಿ ನೊಣಗಳು ಫಂಗಸ್ ನೊಣಗಳೇ ಇರಬೇಕು. ಮರಿಹುಳುಗಳಿಗೆ ಒದ್ದೆ ಮಣ್ಣೇ ಮನೆ, ನೀರು ಹಿಡಿತಕ್ಕೆ ಬಂದರೆ ಅವೂ ಕಡಿಮೆಯಾಗುತ್ತವೆ. ಹಾರುವವಕ್ಕೆ ಹಳದಿ ಅಂಟುಪಟ್ಟಿ ಸಾಕು.

ಸೊಪ್ಪಿನಮಡಿ:
ದೀಪದ ಬಗ್ಗೆ: ನೇರಳೆ ಬಣ್ಣದ್ದೇ ಆಗಬೇಕೆಂದಿಲ್ಲ. ಸಾಮಾನ್ಯ ಬಿಳಿ ಎಲ್‌ಇಡಿ ಚೆನ್ನಾಗಿ ನಡೆಯುತ್ತದೆ, ಅದರಲ್ಲಿರುವ ನೀಲಿ ಭಾಗ ಕಾಂಡ ಉದ್ದವಾಗುವುದನ್ನು ತಡೆಯುತ್ತದೆ. ಎತ್ತರ ಮಾತ್ರ ಬಹಳ ಮುಖ್ಯ. ಚಾವಣಿಯ ದೀಪ ಉಪಯೋಗಕ್ಕೆ ಬಾರದು. ಎಲೆಯಿಂದ 15–20 ಸೆಂ.ಮೀ. ಮೇಲೆ ತೂಗುಹಾಕಿ, ಗಿಡ ಬೆಳೆದಂತೆ ಏರಿಸುತ್ತಾ ಹೋಗಿ. ದಿನಕ್ಕೆ 12ರಿಂದ 14 ಗಂಟೆ. ಟೈಮರ್ ಇದ್ದರೆ ಮರೆವಿನ ಚಿಂತೆ ಇಲ್ಲ.

ಗಟ್ಟಿಯಾಗಿರುವ ಸಸಿಗಳನ್ನು ಬೀಜದೆಲೆಯ (ಮೊಳೆತಾಗ ಮೊದಲು ಮೂಡುವ ಜೋಡಿ ಎಲೆ) ಕೆಳಗಿನವರೆಗೂ ಮಣ್ಣಿಗಿಳಿಸಿ ಮರುನಾಟಿ ಮಾಡಬಹುದು, ಸುಳಿ ಮಾತ್ರ ಮುಚ್ಚಬಾರದು. ಕಾಂಡ ಹಿಡಿದು ಎತ್ತಬೇಡಿ, ಜಜ್ಜಿದರೆ ಮುಗಿಯಿತು, ಎಲೆ ಹಿಡಿದು ಎತ್ತಿ. ನನ್ನನ್ನು ಕೇಳಿದರೆ ರಾಕೆಟ್, ಸಾಸಿವೆಗೆ ಈ ಶ್ರಮ ಬೇಡ. ಅವು ಅಷ್ಟು ಬೇಗ ಬರುತ್ತವೆ, ದೀಪ ಬಂದ ಮೇಲೆ ಹೊಸದಾಗಿ ಬಿತ್ತುವುದೇ ಲಾಭ.

ಕಿಟಕಿಕಟ್ಟೆ:
ದೀಪ ಹಾಕಿದ್ದೇನೆ. ಹೊಸದಾಗಿ ಬಂದ ಎಲೆಗಳು ಅಗಲವಾಗಿ, ಹಸಿರಾಗಿ ಇವೆ! ಈಗ ಗೊಬ್ಬರ ಕೊಡಬಹುದೇ? ಕೊಯ್ಯುವುದು ಹೇಗೆ? ಕಿಟಕಿಯ ಲೆಟ್ಯೂಸ್ ಕಹಿಯಾಗುತ್ತದೆ ಎಂದೂ ಕೇಳಿದ್ದೇನೆ.

ಎಳೆಸೊಪ್ಪು:
ಒಳ್ಳೆಯ ಸುದ್ದಿ. ಬೀಜದೆಲೆಗಳ ನಂತರ ಬರುವ ನಿಜವಾದ ಎಲೆಗಳು ಎರಡು ಮೂರು ಬಂದ ಮೇಲೆ, ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ದ್ರವ ಗೊಬ್ಬರ ಕೊಡಿ. ಎಲೆ 8–10 ಸೆಂ.ಮೀ. ಆದಾಗ ಹೊರಗಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬಹುದು, ಅಥವಾ ಮಣ್ಣಿನಿಂದ ಮೂರು ಸೆಂ.ಮೀ. ಮೇಲೆ ಕತ್ತರಿಸಬಹುದು. ಸುಳಿ ಉಳಿದರೆ ಮತ್ತೆ ಚಿಗುರುತ್ತದೆ. ಸಾಮಾನ್ಯವಾಗಿ ಎರಡು ಮೂರು ಕೊಯ್ಲು ಸಿಗುತ್ತದೆ, ಪ್ರತಿ ಸಲವೂ ಎಲೆ ಚಿಕ್ಕದಾಗುತ್ತದೆ.

ಕಹಿ ಬರುವುದು ಹೆಚ್ಚಾಗಿ ಸೆಕೆಗೆ ಗಿಡ ಹೂದಂಟು ಎಬ್ಬಿಸಲು ಹೊರಟಾಗ. ಆಗ ಗಿಡದ ಹಾಲಿನಲ್ಲಿ ಲ್ಯಾಕ್ಟುಸಿನ್‌ನಂಥ ಕಹಿ ಅಂಶಗಳು ಹೆಚ್ಚುತ್ತವೆ. ನಡುವಿನ ಕಾಂಡ ಥಟ್ಟನೆ ಮೇಲೇಳಲು ಶುರುವಾದರೆ ಕಾಯಬೇಡಿ, ಅಂದೇ ಪೂರ್ತಿ ಕೊಯ್ದುಬಿಡಿ. ಮತ್ತೆ ಬಿತ್ತುವಾಗ ಎಲೆಕೋಸಿನಂತೆ ಗಡ್ಡೆ ಕಟ್ಟುವ ತಳಿಯ ಬದಲು ಬಿಡಿಬಿಡಿಯಾಗಿ ಎಲೆ ಬರುವ ತಳಿ ಆರಿಸಿ, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತಿ.