ಸಹಾಯ ಬೇಕು: ವ್ಯಾನಿನ ಮುಂದಿನ ಗಾಜಿಗೆ ದಪ್ಪ ಹೊದಿಕೆ, ಹೊರಗೋ ಒಳಗೋ?

ನಮಸ್ಕಾರ. ನಾವು ಉಡುಪಿಯವರು. ಹಳೆಯ ವ್ಯಾನ್ ಒಂದನ್ನು ಮಲಗಲು, ಅಡುಗೆ ಮಾಡಲು ಆಗುವ ಹಾಗೆ ಮೋಟರ್‌ಹೋಮ್ ಮಾಡಿಕೊಂಡಿದ್ದೇವೆ. ತಲೆನೋವು ಒಂದೇ, ಮುಂದಿನ ದೊಡ್ಡ ಗಾಜು.

ಏಪ್ರಿಲ್‌ನಲ್ಲಿ ಮಲ್ಪೆ ಬೀಚ್ ಹತ್ತಿರ ನಿಲ್ಲಿಸಿದ್ದೆವು. ಮಧ್ಯಾಹ್ನ ಸ್ಟೀರಿಂಗ್ ಮುಟ್ಟಲಾಗಲಿಲ್ಲ. ಸೆಕೆ ತಡೆಯಲಾರದೆ ಅಮ್ಮ ಹೊರಗೆ ಗಾಳಿಮರದ ನೆರಳಲ್ಲಿ ಕೂತರು, ಪಾಪ. ಡಿಸೆಂಬರ್‌ನಲ್ಲಿ ಮಡಿಕೇರಿಗೆ ಹೋದಾಗ ಉಲ್ಟಾ. ಬೆಳಿಗ್ಗೆ ಗಾಜಿನ ಒಳಬದಿಯಲ್ಲಿ ನೀರು ಇಳಿದು, ಡ್ಯಾಶ್‌ಬೋರ್ಡ್ ಮೇಲಿಟ್ಟ ಬೈರಾಸು ಹಿಂಡುವಷ್ಟು ಒದ್ದೆ.

ಒಳಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿ ನೋಡಿದೆವು. ಬಿಸಿಲು ಆಗಲೇ ಗಾಜು ದಾಟಿರುತ್ತದೆ, ಹಾಗಾಗಿ ಸೆಕೆ ಅಷ್ಟೇನೂ ಇಳಿಯಲಿಲ್ಲ. ಚಳಿಯಲ್ಲಂತೂ ಶೇಡ್ ಹಿಂದಿನ ಗಾಜು ಇನ್ನೂ ತಣ್ಣಗಾಗಿ ನೀರು ಜಾಸ್ತಿಯೇ ಆಯಿತು. ಕಿಟಕಿ ಎರಡು ಬೆರಳು ತೆರೆದಿಟ್ಟರೆ ಕಡಿಮೆ ಆಗುತ್ತದೆ, ಆದರೆ ಸೊಳ್ಳೆ.

ಹೊರಗಿನಿಂದ ಕಟ್ಟುವ ಹೊದಿಕೆ ಬಿಸಿಲನ್ನು ಗಾಜಿಗಿಂತ ಮೊದಲೇ ತಡೆಯುತ್ತದೆ, ಚಳಿಯಲ್ಲಿ ಗಾಜನ್ನೂ ಬೆಚ್ಚಗಿಡುತ್ತದೆ. ಅಷ್ಟು ಅರ್ಥವಾಗಿದೆ. ಗೊಂದಲ ಇರುವುದು ನಮ್ಮ ಮಳೆಯದ್ದು. ಜೂನ್‌ನಿಂದ ಇಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ ಅಲ್ವಾ? ಒದ್ದೆ ಹೊದಿಕೆಯನ್ನು ಮಡಚಿ ವ್ಯಾನಿನೊಳಗೆ ಇಟ್ಟರೆ ಬೂಸ್ಟು ಹಿಡಿಯದೇ?

ಮಂಗಳೂರು, ಉಡುಪಿ ಕಡೆ ಇದನ್ನು ಒಂದು ಪೂರ್ತಿ ಮಳೆಗಾಲ ಬಳಸಿದವರು ಯಾರಾದರೂ ಇದ್ದೀರಾ? ಹೊರಗಿನದ್ದೇ ತೆಗೆದುಕೊಳ್ಳಲಾ, ಅಥವಾ ಗಾಜಿನ ಅಳತೆಗೆ ಸರಿಯಾಗಿ ಒಳಗಿನದ್ದನ್ನೇ ದಪ್ಪಗೆ ಹೊಲಿಸಲಾ?