ನಮ್ಮ ದೇಶದಲ್ಲೇ ತಯಾರಾದ ಕಾರು ಕೊಳ್ಳಬೇಕಾ? ಬಿಡಿಭಾಗ ಖರೀದಿಯ ಕೆಲಸದಲ್ಲಿರುವವರಿಗೆ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮಸ್ಕಾರ. ಹೊಸ ಕಾರು ನೋಡುತ್ತಿದ್ದೇನೆ. ಕೊನೆಗೆ ಎರಡು ಮಾಡೆಲ್ ಉಳಿದಿವೆ. ಒಂದು ನಮ್ಮ ದೇಶದ ಕಂಪನಿಯದು, ಇನ್ನೊಂದು ವಿದೇಶಿ ಕಂಪನಿಯದು. ಅಪ್ಪ "ನಮ್ಮವರದ್ದೇ ತಗೋ, ನಾಲ್ಕು ಜನರಿಗೆ ಕೆಲಸ ಸಿಗುತ್ತೆ" ಅನ್ನುತ್ತಾರೆ. ಅಕ್ಕ "ಈಗ ಎಲ್ಲ ಕಾರಿಗೂ ಹತ್ತು ದೇಶದ ಸಾಮಾನು ಹಾಕಿರ್ತಾರೆ, ಅದೆಲ್ಲ ಹಳೇ ಮಾತು" ಅನ್ನುತ್ತಾಳೆ. ನೀವು ಕಾರು ಕಾರ್ಖಾನೆಗೆ ಬಿಡಿಭಾಗ ಖರೀದಿ ಮಾಡುವ ಕೆಲಸದಲ್ಲಿದ್ದೀರಿ. ಯಾರ ಮಾತು ಸರಿ?

ಉತ್ತರ: ನಮಸ್ಕಾರ. ಈ ಗುಂಪಿನಲ್ಲಿ ಬೇರೆ ಬೇರೆ ದೇಶದಲ್ಲಿ ಇರುವವರಿದ್ದೀರಿ, ಎಲ್ಲರಿಗೂ ಹೊಂದುವ ಹಾಗೆ ಹೇಳುತ್ತೇನೆ.

ಅಪ್ಪನ ಕಾಳಜಿ ಸರಿಯಾಗಿದೆ. ಕಾರು ಎಲ್ಲಿ ತಯಾರಾಗುತ್ತೆ ಅನ್ನುವುದು ಇವತ್ತಿಗೂ ಮುಖ್ಯ. ಆದರೆ ಕಂಪನಿಯ ಹೆಸರು ನೋಡಿ ಅದನ್ನು ತಿಳಿಯೋಕೆ ಆಗಲ್ಲ. ಹೋಂಡಾ 1982ರಿಂದಲೇ ಅಮೆರಿಕದ ಒಹಾಯೊದಲ್ಲಿ ಕಾರು ಮಾಡುತ್ತಿದೆ. ಬಿಎಂಡಬ್ಲ್ಯು ಅಂದರೆ ಜರ್ಮನಿ ಅಂತೀವಿ, ಅದರ ದೊಡ್ಡ ಎಸ್‌ಯುವಿಗಳು ಅಮೆರಿಕದ ಸ್ಪಾರ್ಟನ್‌ಬರ್ಗ್‌ನಲ್ಲಿ ತಯಾರಾಗಿ ಬೇರೆ ದೇಶಗಳಿಗೆ ರಫ್ತಾಗುತ್ತವೆ. ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರ್ 2008ರಿಂದ ಟಾಟಾದವರ ಕೈಯಲ್ಲಿದೆ. ಸ್ವೀಡನ್ನಿನ ವೋಲ್ವೊ ಕಾರು 2010ರಿಂದ ಚೀನಾದ ಗೀಲಿಯದು. ಮಾಲೀಕರು ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ. ಕೆಲಸ ಸಿಗುವುದು ಕಾರ್ಖಾನೆ ಇರುವ ಕಡೆ.

ಅಕ್ಕನ ಮಾತೂ ಅರ್ಧ ನಿಜ. ಸಾಮಾನು ಹತ್ತು ದೇಶದಿಂದ ಬರುತ್ತೆ, ಆದರೆ ಎಲ್ಲ ಸಾಮಾನೂ ಅಷ್ಟು ದೂರ ಓಡಾಡಲ್ಲ. ಸೀಟನ್ನೇ ನೋಡಿ. ಗಾತ್ರ ದೊಡ್ಡದು, ಒಳಗೆಲ್ಲ ಗಾಳಿ. ಹಡಗಿನಲ್ಲಿ ತಂದರೆ ಸಾಗಣೆ ಖರ್ಚಿಗೇ ದುಡ್ಡೆಲ್ಲ ಹೋಗುತ್ತೆ. ಅದಕ್ಕೇ ಸೀಟು ಮಾಡುವವರು ಕಾರು ಕಾರ್ಖಾನೆಯ ಪಕ್ಕದಲ್ಲೇ ಘಟಕ ಹಾಕಿಕೊಂಡಿರುತ್ತಾರೆ. ಕಾರು ಜೋಡಿಸುವ ಲೈನಿನಲ್ಲಿ ಮುಂದೆ ಬರುವ ಕಾರಿಗೆ ಕಪ್ಪು ಬಟ್ಟೆ ಸೀಟು, ಅದರ ಹಿಂದಿನದಕ್ಕೆ ಕಂದು ಲೆದರ್ ಸೀಟು ಅಂತ ಕಂಪ್ಯೂಟರಿನಲ್ಲಿ ಆರ್ಡರ್ ಹೋಗುತ್ತೆ. ಕೆಲವೇ ಗಂಟೆಗಳಲ್ಲಿ ಅದೇ ಕ್ರಮದಲ್ಲಿ ಲಾರಿಗೆ ತುಂಬಿ ಕಳಿಸುತ್ತಾರೆ, ಇಳಿಸಿದ ಹಾಗೆ ಲೈನಿಗೆ ಹೋಗುತ್ತೆ. ಬಂಪರ್, ಡ್ಯಾಶ್‌ಬೋರ್ಡ್, ಇಂಧನ ಟ್ಯಾಂಕ್ ಕೂಡ ಹೆಚ್ಚು ಕಡಿಮೆ ಹೀಗೇ. ಸಮುದ್ರ ದಾಟಿ ಬರುವುದು ಹೆಚ್ಚಾಗಿ ಚಿಪ್, ಸೆನ್ಸರ್, ಎಂಜಿನ್ನಿಗೆ ಇಂಧನ ಸಿಂಪಡಿಸುವ ಇಂಜೆಕ್ಟರ್ ಥರದ ಸಣ್ಣ, ದುಬಾರಿ ಸಾಮಾನು. ಹಾಗಾಗಿ ಪೂರ್ತಿ ಪ್ರಮಾಣದ ಒಂದು ಕಾರು ಕಾರ್ಖಾನೆ ಬಂತು ಅಂದರೆ ಅದರ ಸುತ್ತ ಹತ್ತಾರು ಸಣ್ಣ ಕಾರ್ಖಾನೆಗಳೂ ಬಂದವು ಅಂತಲೇ ಅರ್ಥ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): "ಇಲ್ಲೇ ತಯಾರಾಗಿದ್ದು" ಅಂತ ಶೋರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜಾನಾ ಅಂತ ನೋಡುವುದು ಹೇಗೆ?

ಉತ್ತರ: ಚಾಸಿಸ್ ನಂಬರ್ ನೋಡಿ. ಮುಂದಿನ ಗಾಜಿನ ಕೆಳಮೂಲೆಯಲ್ಲಿ ಅಥವಾ ಬಾಗಿಲ ಚೌಕಟ್ಟಿನ ಹತ್ತಿರ ಇರುತ್ತೆ, ಕಾಗದಪತ್ರದಲ್ಲೂ ಇರುತ್ತೆ. ಒಟ್ಟು 17 ಅಕ್ಷರ ಮತ್ತು ಅಂಕೆ. ಮೊದಲನೆಯದು ಜೆ ಇದ್ದರೆ ಜಪಾನ್, ಡಬ್ಲ್ಯು ಇದ್ದರೆ ಜರ್ಮನಿ, ಎಲ್ ಇದ್ದರೆ ಚೀನಾ. 1, 4, 5 ಅಮೆರಿಕ, 2 ಕೆನಡಾ, 3 ಸಾಮಾನ್ಯವಾಗಿ ಮೆಕ್ಸಿಕೊ. ಭಾರತದ್ದು ಎಂ ಅಕ್ಷರದಿಂದ ಶುರು, ಪಕ್ಕದಲ್ಲಿ ಸಾಮಾನ್ಯವಾಗಿ ಎ ಯಿಂದ ಇ ವರೆಗಿನ ಒಂದು ಅಕ್ಷರ ಇರುತ್ತೆ. ಒಂದು ಎಚ್ಚರಿಕೆ: ಯುರೋಪಿನ ಕೆಲವು ಕಂಪನಿಗಳು ಬೇರೆ ದೇಶದಲ್ಲಿ ಮಾಡಿದ ಕಾರಿಗೂ ತಮ್ಮ ಮೂಲ ದೇಶದ ಕೋಡನ್ನೇ ಹಾಕುತ್ತವೆ. ಅಂಥ ಕಡೆ 11ನೇ ಜಾಗದಲ್ಲಿರುವ ಕಾರ್ಖಾನೆಯ ಗುರುತನ್ನೂ ಕೇಳಿ ತಿಳಿದುಕೊಳ್ಳಿ.

ಆದರೆ ಇದು ಕಾರು ಜೋಡಣೆಯಾದ ಜಾಗವನ್ನಷ್ಟೇ ಹೇಳುತ್ತೆ. ಸಿಕೆಡಿ ಅಂತ ಒಂದು ಪದ್ಧತಿ ಇದೆ. ಇಡೀ ಕಾರನ್ನು ಬಿಡಿ ಬಿಡಿಯಾಗಿ ಪೆಟ್ಟಿಗೆಯಲ್ಲಿ ತರಿಸಿ ಇಲ್ಲಿ ಜೋಡಿಸುವುದು. ಅದೂ ಕೆಲಸವೇ, ಆದರೆ ತುಂಬ ಕಡಿಮೆ ಜನಕ್ಕೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎಲ್ಲಿಯದು ಅಂತ ಕೇಳಿದರೆ ಅಸಲಿ ಚಿತ್ರ ಸಿಗುತ್ತೆ. ಅಮೆರಿಕದಲ್ಲಿ 1992ರ ಕಾನೂನಿನ ಪ್ರಕಾರ ಹೊಸ ಕಾರಿನ ಮೇಲೆ ಇದನ್ನೆಲ್ಲ ಚೀಟಿಯಲ್ಲಿ ಅಂಟಿಸಲೇಬೇಕು: ಕೊನೆಯ ಜೋಡಣೆ ಎಲ್ಲಿ, ಎಂಜಿನ್ ಯಾವ ದೇಶದ್ದು, ಗೇರ್‌ಬಾಕ್ಸ್ ಯಾವ ದೇಶದ್ದು, ಬಿಡಿಭಾಗದಲ್ಲಿ ಶೇಕಡಾ ಎಷ್ಟು ಅಮೆರಿಕ ಮತ್ತು ಕೆನಡಾದ್ದು. ಎರಡೂ ದೇಶ ಸೇರಿಸಿ ಲೆಕ್ಕ ಹಾಕುವುದು ಅದರ ಕೊರತೆ. ಆದರೂ ಇಂಥ ಚೀಟಿ ಎಲ್ಲ ದೇಶದಲ್ಲೂ ಕಡ್ಡಾಯ ಆಗಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಕೊಳ್ಳುವವರು ಇದನ್ನೆಲ್ಲ ಕೇಳಿ ಕೇಳಿ ತಿಳಿಯಬೇಕಾದ ಪರಿಸ್ಥಿತಿ ಸರಿಯಲ್ಲ.

ಪ್ರಶ್ನೆ: ವಿದೇಶಿ ಕಂಪನಿ ಇಲ್ಲೇ ಮಾಡಿದರೂ ಲಾಭ ಹೊರಗೆ ಹೋಗುತ್ತೆ ಅಲ್ವಾ?

ಉತ್ತರ: ಹೋಗುತ್ತೆ. ಆದರೆ ಕಾರಿನ ಬೆಲೆಯಲ್ಲಿ ಲಾಭದ ಪಾಲು ಚಿಕ್ಕದು. ದೊಡ್ಡ ಪಾಲು ಬಿಡಿಭಾಗಕ್ಕೆ, ಆಮೇಲೆ ಸಂಬಳಕ್ಕೆ. ನನಗೆ ಲಾಭಕ್ಕಿಂತ ಜಾಸ್ತಿ ಚಿಂತೆ ಆಗುವುದು ಬೇರೆ ವಿಷಯಕ್ಕೆ. ಹೊಸ ಮಾಡೆಲ್ ಎಲ್ಲಿ ವಿನ್ಯಾಸ ಆಗಬೇಕು, ಕಷ್ಟ ಬಂದಾಗ ಯಾವ ಕಾರ್ಖಾನೆ ಮುಚ್ಚಬೇಕು ಅನ್ನುವುದೆಲ್ಲ ಮುಖ್ಯ ಕಚೇರಿಯಲ್ಲಿ ತೀರ್ಮಾನ ಆಗುತ್ತೆ. ಅದು ನಮ್ಮ ದೇಶದಲ್ಲೇ ಇದ್ದರೆ ನಮ್ಮ ಮಾತಿಗೆ ತೂಕ ಜಾಸ್ತಿ. ಹಾಗಾಗಿ ಸ್ವಂತ ಕಂಪನಿ ಇರುವುದಕ್ಕೂ ಬೆಲೆ ಇದೆ. ಆದರೆ ಅದೇ ಕಂಪನಿ ಹೊರಗಿಂದ ತರಿಸಿ ಮಾರುವ ಕಾರಿಗೆ ಆ ಬೆಲೆ ಕೊಡೋಕೆ ನಾನು ತಯಾರಿಲ್ಲ.

ಪ್ರಶ್ನೆ (ಮತ್ತೊಬ್ಬರು): ನಾನೊಬ್ಬ ಇಲ್ಲಿಯ ಕಾರು ಕೊಂಡರೆ ಏನು ಬದಲಾಗುತ್ತೆ? ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತು ಅನ್ನಿಸುತ್ತೆ.

ಉತ್ತರ: ನಿಮ್ಮೊಬ್ಬರಿಂದ ಕಾರ್ಖಾನೆ ಉಳಿಯಲ್ಲ, ಅದು ನಿಜ. ಆದರೆ ಸಂಖ್ಯೆ ಕುಸಿದಾಗ ಏನಾಗುತ್ತೆ ಅಂತ ಆಸ್ಟ್ರೇಲಿಯಾದಲ್ಲಿ ನೋಡಿದ್ದೇವೆ.

ಅಲ್ಲಿ ಫೋರ್ಡ್ 2013ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅದೇ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್‌ನ ಹೋಲ್ಡನ್ ಹೇಳಿತು. 2014ರ ಫೆಬ್ರುವರಿಯಲ್ಲಿ ಟೊಯೊಟಾ. ಒಬ್ಬರ ಹಿಂದೆ ಒಬ್ಬರು ಹೋದ ಈ ಕ್ರಮ ಗಮನಿಸಿ. ಬಿಡಿಭಾಗ ಮಾಡುವವರು ಮೂರೂ ಕಂಪನಿಗೆ ಸರಬರಾಜು ಮಾಡಿ ಬದುಕುತ್ತಿದ್ದರು. ಬಿಡಿಭಾಗಕ್ಕೆ ಆಕಾರ ಕೊಡುವ ಅಚ್ಚು, ಯಂತ್ರ ಎಲ್ಲಕ್ಕೂ ಮೊದಲೇ ಬಂಡವಾಳ ಹಾಕಿರುತ್ತಾರೆ, ಇಂತಿಷ್ಟು ಸಂಖ್ಯೆ ಮಾಡಿದರೆ ಮಾತ್ರ ಅದು ವಾಪಸ್ ಬರುತ್ತೆ. ಇಬ್ಬರು ಗಿರಾಕಿ ಹೋದ ಮೇಲೆ ಮೂರನೆಯವರಿಗೆ ಮಾತ್ರ ಮಾಡಿಕೊಟ್ಟರೆ ಗಿಟ್ಟಲ್ಲ. 2017ರ ಅಕ್ಟೋಬರ್ 3ಕ್ಕೆ ಟೊಯೊಟಾ, ಅದೇ ತಿಂಗಳ 20ಕ್ಕೆ ಹೋಲ್ಡನ್ ಬಾಗಿಲು ಹಾಕಿದವು. ಅಲ್ಲಿಗೆ ಆ ದೇಶದಲ್ಲಿ ದೊಡ್ಡ ಪ್ರಮಾಣದ ಕಾರು ತಯಾರಿಕೆಯೇ ನಿಂತುಹೋಯಿತು.

ಜನ ಆಮದು ಕಾರು ಕೊಂಡಿದ್ದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ಡಾಲರ್ ಆಗ ತುಂಬ ಏರಿತ್ತು, ಆಮದು ಸುಂಕ ವರ್ಷಗಳಿಂದ ಇಳಿಯುತ್ತಾ ಬಂದಿತ್ತು, ಸರ್ಕಾರವೂ ನೆರವು ಮುಂದುವರಿಸಲಿಲ್ಲ. ಆದರೆ ಒಮ್ಮೆ ಮುಚ್ಚಿದ ಅಚ್ಚಿನ ಕಾರ್ಖಾನೆ ಮತ್ತೆ ತೆರೆಯುವುದು ಬಹಳ ಕಷ್ಟ. ಅಚ್ಚು ಕಡೆಯುವವರು, ವೆಲ್ಡಿಂಗ್ ಲೈನ್ ಹೊಂದಿಸುವವರು ಬೇರೆ ಕೆಲಸ ಹಿಡಿದು ಹೋಗಿಬಿಡುತ್ತಾರೆ. ಆ ಕೈಗಳನ್ನು ತಯಾರು ಮಾಡೋಕೆ ವರ್ಷಗಟ್ಟಲೆ ಬೇಕು. ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಇರುವುದು ಇದಕ್ಕೇ.

ಪ್ರಶ್ನೆ: ಎಲ್ಲ ಇಲ್ಲೇ ಮಾಡಿದರೆ ಹೊರಗಿನ ತೊಂದರೆ ತಟ್ಟಲ್ಲ ಅಂತಾರಲ್ಲ?

ಉತ್ತರ: ತಟ್ಟುತ್ತೆ. 2021ರಲ್ಲಿ ಚಿಪ್ ಇಲ್ಲದೆ ಬಹಳಷ್ಟು ದೇಶದ ಕಂಪನಿಗಳು ಲೈನ್ ನಿಲ್ಲಿಸಿದವು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಲ್ಲಿಂದ ಬರುತ್ತಿದ್ದ ವೈರಿಂಗ್ ಹಾರ್ನೆಸ್ ನಿಂತು ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಲೈನ್‌ಗಳು ನಿಂತವು. ಹಾರ್ನೆಸ್ ಅಂದರೆ ಕಾರಿನೊಳಗೆ ಹರಡಿರುವ ವೈರಿನ ಕಟ್ಟು. ಇವತ್ತಿಗೂ ಬಹುಪಾಲು ಕೈಯಲ್ಲೇ ಕಟ್ಟುತ್ತಾರೆ. ಅದಕ್ಕೇ ಕೂಲಿ ಕಡಿಮೆ ಇರುವ ಕಡೆ ಆ ಕೆಲಸ ಹೋಗುತ್ತೆ. ಎಲ್ಲವನ್ನೂ ಒಂದೇ ದೇಶದಲ್ಲಿ ಮಾಡುವುದು ಈಗ ಯಾರಿಗೂ ಆಗಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೂ ಇದೇ ಲೆಕ್ಕವಾ?

ಉತ್ತರ: ಅಲ್ಲಿ ಎಂಜಿನ್ ಬದಲು ಬ್ಯಾಟರಿ ಸೆಲ್ ಎಲ್ಲಿಯದು ಅಂತ ಕೇಳಿ. ಪ್ಯಾಕ್ ಎಲ್ಲಿಯದು ಅಂತಲ್ಲ, ಸೆಲ್. ಸೆಲ್ ಅಂದರೆ ವಿದ್ಯುತ್ ಕೂಡಿಡುವ ಬಿಡಿ ಘಟಕ, ಅವನ್ನು ಜೋಡಿಸಿದ ಪೆಟ್ಟಿಗೆಯೇ ಪ್ಯಾಕ್. ಕಾರಿನ ಬೆಲೆಯಲ್ಲಿ ದೊಡ್ಡದೊಂದು ಪಾಲು ಸೆಲ್‌ನದೇ ಇರುತ್ತೆ. ಸೆಲ್ ತಯಾರಿಕೆಯಲ್ಲಿ ಚೀನಾದ ಸಿಎಟಿಎಲ್, ಬಿವೈಡಿ ಎಲ್ಲರಿಗಿಂತ ಮುಂದಿವೆ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ನೀವು ಹೇಳಿದ ಹಾಗೆ ವಿಚಾರಿಸಿದೆ. ನಮ್ಮ ದೇಶದ ಕಂಪನಿಯ ಆ ಮಾಡೆಲ್ ಹೊರಗಿಂದ ಬರುತ್ತಂತೆ. ವಿದೇಶಿ ಕಂಪನಿಯದು ಇಲ್ಲೇ ತಯಾರಾಗುತ್ತೆ, ಎಂಜಿನ್ನೂ ಇಲ್ಲಿಯದೇ. ಈಗ ಯಾವುದು ತಗೊಳ್ಳಲಿ?

ಉತ್ತರ: ಮೊದಲು ಎರಡರದ್ದೂ ಅಪಘಾತ ಪರೀಕ್ಷೆಯ ಫಲಿತಾಂಶ ನೋಡಿ. ಸುರಕ್ಷತೆಯಲ್ಲಿ ಒಂದು ಹಿಂದೆ ಇದ್ದರೆ ಅದು ಯಾವ ದೇಶದ್ದಾದರೂ ಬಿಟ್ಟುಬಿಡಿ. ಮನೆಯವರು ಕೂರುವ ಗಾಡಿ, ಇದರಲ್ಲಿ ರಾಜಿ ಬೇಡ. ಅದರಲ್ಲಿ ಎರಡೂ ಸಮ ಅಂತಾದರೆ ಇಲ್ಲೇ ತಯಾರಾದ, ಇಲ್ಲಿಯ ಎಂಜಿನ್ ಇರುವ ಕಾರನ್ನೇ ತಗೊಳ್ಳಿ. ಬಿಡಿಭಾಗವೂ ಸಾಮಾನ್ಯವಾಗಿ ಬೇಗ ಸಿಗುತ್ತೆ. ಅಪ್ಪನಿಗೆ ಇಷ್ಟು ಹೇಳಿ: ಅವರು ಬಯಸಿದ ಆ ನಾಲ್ಕು ಜನರ ಕೆಲಸ ಈ ಕಾರಿನಲ್ಲೇ ಜಾಸ್ತಿ ಇದೆ. ಗೇರ್‌ಬಾಕ್ಸ್ ಬಗ್ಗೆ ನೀವು ಬರೆದಿಲ್ಲ. ಬುಕಿಂಗ್ ಮಾಡುವ ಮುಂಚೆ ಅದನ್ನೂ ಕೇಳಿ, ಬಂದ ಉತ್ತರ ಇಲ್ಲೇ ಹಾಕಿ.