ಟ್ರೇಲರ್ ಹುಕ್ಕಿಗೆ ತುಕ್ಕು, ಏನು ಮಾಡೋದು?

ಕಾರವಾರದಿಂದ: ಜೀಪಿಗೆ ದೋಣಿ ಟ್ರೇಲರ್ ಕಟ್ಟುತ್ತೇವೆ. ಹುಕ್ ಕೂಡ ಉಪ್ಪುನೀರಲ್ಲಿ ನೆನೆಯುತ್ತದೆ. ಪೇಂಟ್ ಹೊಡೆದರೂ ಮಳೆಗಾಲ ಮುಗಿಯುವಷ್ಟರಲ್ಲಿ ಪದರ ಪದರವಾಗಿ ಏಳುತ್ತದೆ, ಪಿನ್ ಅಂತೂ ಸುತ್ತಿಗೆ ಏಟು ಬೀಳದೆ ಹೊರಗೇ ಬರಲ್ಲ.

ಅಂಕೋಲಾದಿಂದ: ತುಕ್ಕಿನ ಮೇಲೇ ಪೇಂಟ್ ಹೊಡೆದಿದ್ದೀರಿ ಅಲ್ವಾ? ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ವೈರ್ ಬ್ರಷ್‌ನಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಅವತ್ತೇ ಜಿಂಕ್ ಪ್ರೈಮರ್ ಹೊಡೆಯಿರಿ. ಆಮೇಲೆ ಎನಾಮೆಲ್. ಟ್ರೇಲರ್ ಕೂರುವ ಗುಂಡು, ಅಂದ್ರೆ ಬಾಲ್‌ಗೆ, ಪೇಂಟ್ ಬೇಡ, ಸುಮ್ನೆ ಸವೆದು ಹೋಗುತ್ತದೆ, ಗ್ರೀಸ್ ಸಾಕು.

ಶಿರಸಿಯಿಂದ: ಘಟ್ಟದ ಮೇಲೆ ಉಪ್ಪಿನ ಕಾಟ ಇಲ್ಲ, ಕೆಸರೇ ಜಾಸ್ತಿ. ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರ್ ಪಿನ್ ಬಿಚ್ಚಿ, ಗ್ರೀಸ್ ಹಚ್ಚಿ ಒಳಗಿಡುತ್ತೇವೆ. ಹುಕ್ಕಿನ ಚೌಕ ಪೈಪಿನ ಒಳಗೂ ನೋಡಿ ಮಾರಾಯ್ರೆ.

ಕಾರವಾರದಿಂದ: ನೋಡಿದೆ. ಒದ್ದೆ ಮರಳು ತುಂಬಿದೆ!

ಅಂಕೋಲಾದಿಂದ: ಮೊದಲು ಮರಳು ತೆಗೆದು ಪೈಪನ್ನು ಸುತ್ತಿಗೆಯಿಂದ ತಟ್ಟಿ. ತಗ್ಗು ಬಿದ್ದರೆ ಪೇಂಟ್ ಮಾತು ಬಿಡಿ, ಹುಕ್ಕನ್ನೇ ಬದಲಿಸಿ.